ದೊಡ್ಡವ್ವನಿಗೆ ನಾನು ಹೇಳದ ಮಾತು

೨೦೦೩ರ ಶ್ರಾವಣ. ಬಾಗಲಕೋಟೆ ನವನಗರದ ಒಂದು ದವಾಖಾನೆಯ ಕೋಣೆಯಲ್ಲಿ ನಾವು ಮೂವರಿದ್ದೆವು: ಮಂಚದ ಮೇಲೆ ದೊಡ್ಡವ್ವ, ಕಾಲ ಬಳಿ ಅವಳ ಮಗ ನಿಂಗಪ್ಪ, ತಲೆದೆಸೆಯಲ್ಲಿ ನಾನು. ದೊಡ್ಡವ್ವ ನಮ್ಮ ಅವ್ವನ ಅಕ್ಕ. ಎಪ್ಪತ್ತು ದಾಟಿದರೂ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದಳು. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ ಅವಳದು. ಅದರಿಂದ ಎದ್ದು ಮೇಲೆ ಬರುವಾಗ ಜಾರಿ, ಸೊಂಟದ ಚಪ್ಪೆಯ ಕೀಲಿನಲ್ಲೇ ಎಲುಬು ಮುರಿದುಕೊಂಡಿದ್ದಳು.

ಡಾಕ್ಟರು ಕರೆದಾಗ ನಿಂಗಪ್ಪ, "ಅಕ್ಕಾ, ನೀ ಸಾಲಿ ಕಲಿಸಾಕಿ, ನಿನಗ ತಿಳೀತೈತಿ. ನೀನ ಹೋಗು," ಎಂದ. ಹುನಗುಂದದಲ್ಲಿ ಶಿಕ್ಷಕಿಯಾಗಿದ್ದೆ ನಾನು, ಹೋದೆ.

ಡಾಕ್ಟರು ಬಿಡಿಸಿ ಹೇಳಿದರು. ತೊಡೆಯೆಲುಬಿನ ಮುರಿದ ಗುಂಡು ತೆಗೆದು ಲೋಹದ್ದನ್ನು ಕೂರಿಸಬೇಕು. ಎಲುಬು ಸವೆದಿದೆ, ಹಿಡಿತಕ್ಕೆ ಒಳಗೆ ಸಿಮೆಂಟು ತುಂಬಬೇಕು. "ಅದನ್ನ ಒತ್ತಿ ತುಂಬೋವಾಗ ಒಬ್ಬೊಬ್ಬರಿಗೆ ಒಮ್ಮಿಲೆ ಬಿ.ಪಿ. ಇಳದು ಹೃದಯ ನಿಲ್ಲಬಹುದ್ರಿ. ಅಪರೂಪ ಖರೆ, ಆದ್ರ ಇವರ ಹೃದಯ ಮೊದಲ ವೀಕ್ ಐತಿ. ಆಪರೇಷನ್ ಬ್ಯಾಡಂದ್ರ ಹಾಸಿಗಿನ ಗತಿ. ಅವರಿಗೂ ಮಗನಿಗೂ ಹೇಳಿ ಬರ್ರಿ."

ಹೊರಗೆ ಬಂದೆ. ಹೇಳಿದರೆ ನಿಂಗಪ್ಪ ಹೆದರಿ ಅವಳನ್ನು ಊರಿಗೆ ಎತ್ತಿಕೊಂಡು ಹೋಗುತ್ತಾನೆ ಅನ್ನಿಸಿತು. "ಏನಿಲ್ಲ, ಸಿಮೆಂಟ್ ಹಾಕಿ ಗಟ್ಟಿ ಮಾಡ್ತಾರಂತ," ಎಂದುಬಿಟ್ಟೆ. ದೊಡ್ಡವ್ವನ ಕಿವಿ ಮಂದ, ಎರಡು ಸಲ ಕೂಗಬೇಕಾಯಿತು. ಕೇಳಿ ನಕ್ಕಳು.

"ಬಚ್ಚಲಕ್ಕ ಹಾಕಸೋ ಅಂದ್ರ ಐದ ವರ್ಷ ಸಿಮೆಂಟ್ ಸಿಗಲಿಲ್ಲ ನಿನಗ. ಈಗ ನನ್ನ ಕಾಲಿಗೆ ಹಾಕಸ್ತಿಯೇನಲೇ ನಿಂಗ್ಯಾ?"

ನಾನು ಹೇಳಿದ್ದೇನಲ್ಲ ಅಂತ ನಿಂಗಪ್ಪ ಒಪ್ಪಿಗೆಯ ಕಾಗದ ಓದದೆಯೇ ಸಹಿ ಹಾಕಿದ.

ಆಪರೇಷನ್ನಿಗೆ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಅವಳು ಎಚ್ಚರವಿದ್ದು ಮಾತಾಡುತ್ತಿರಬೇಕಿತ್ತು, ಆದರೆ ಅರಿವಳಿಕೆ ಡಾಕ್ಟರ ಮಾತು ಅವಳ ಕಿವಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೆ ನನಗೆ ಹಸಿರು ಅಂಗಿ ತೊಡಿಸಿ, ಬಾಯಿಗೆ ಬಟ್ಟೆ ಕಟ್ಟಿ ಒಳಗೆ ಕರೆದರು. ಪರದೆಯ ಈಚೆ ಅವಳ ಕೈ ಹಿಡಿದು ಕೂತೆ.

"ಸಿಮೆಂಟ್ ಹಾಕ್ತೇನಿ," ಆಚೆಯಿಂದ ಡಾಕ್ಟರು ಹೇಳಿದರು. "ಮಾತಾಡಸ್ರಿ, ಬಿಡಬ್ಯಾಡ್ರಿ."

ಮೂಗಿಗೆ ಸಿಮೆಂಟಿನ ಘಾಟು ಬಡಿಯಿತು. ಅವಳ ಕಿವಿಗೆ ಬಾಯಿಟ್ಟು ಕೂಗಿದೆ: "ದೊಡ್ಡವ್ವಾ, ನನ್ನ ಮದುವಿ ಸೀರಿ ಎಷ್ಟ ದಿನಾ ನೇಯ್ದಿ?"

"ಒಂಬತ್ತ ದಿನ. ನಿಮ್ಮತ್ತಿ ಅಂಚು ಸಣ್ಣ ಮಾಡ್ರಿ ಅಂತ ಹೇಳಿ ಕಳಿಸಿದ್ಲು. ಉಡಾಕಿ ನಮ್ಮ ಹುಡುಗಿ, ನಿನಗೇನ ತ್ರಾಸು ಅಂದೆ..." ತಡೆದಳು. "ಯಾಕೋ ಎದಿ ಹಿಡದಂಗ ಆಗಾಕತ್ತೈತಿ ನೋಡವ್ವಾ."

ನಾನು ತಲೆ ಎತ್ತುವಷ್ಟರಲ್ಲಿ ಅವಳ ಬೆರಳು ಸಡಿಲವಾದವು. ಯಂತ್ರ ಕೂಗತೊಡಗಿತು. ಅರಿವಳಿಕೆ ಡಾಕ್ಟರು ಅವಳ ಎದೆ ಒತ್ತುತ್ತಿದ್ದರು. ನರ್ಸು ನನ್ನನ್ನು ಹೊರಗೆ ನೂಕಿದಳು. ಮುಕ್ಕಾಲು ತಾಸಿನ ಮೇಲೆ ಡಾಕ್ಟರು ಬಂದು, "ಉಳೀಲಿಲ್ರಿ," ಎಂದರು.

ಮಧ್ಯಾಹ್ನಕ್ಕೆ ಇಳಕಲ್ಲಿನಿಂದ ಟೆಂಪೊ ತುಂಬ ಮಂದಿ ಬಂದರು. ನಮ್ಮ ಸೋದರಮಾವ ಡಾಕ್ಟರ ಕೊರಳಪಟ್ಟಿ ಹಿಡಿದ. "ಮಾತಾಡ್ಕೋತ ಒಳಗ ಹೋದಾಕಿನ್ನ ಹೆಣಾ ಮಾಡಿ ಕೊಡ್ತಿಯೇನಲೇ?" ಡಾಕ್ಟರು ಒಮ್ಮೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಯಾರೋ ಅವರ ಕೆನ್ನೆಗೆ ಹೊಡೆದರು, ಕನ್ನಡಕ ನೆಲಕ್ಕೆ ಬಿತ್ತು. ಆಗ ನನಗೆ ಬಾಯಿ ಬಂತು.

"ಬಿಡ್ರಿ ಅವರನ್ನ. ಹಿಂಗಾಗಬಹುದು ಅಂತ ನನಗ ಹೇಳಿದ್ರು. ನಾ ಯಾರಿಗೂ ಹೇಳಲಿಲ್ಲ."

ಮಾವ ಕೊರಳಪಟ್ಟಿ ಬಿಟ್ಟ. ನಿಂಗಪ್ಪ ಹತ್ತಿರ ಬಂದ. "ನನಗರ ಹೇಳಬೇಕಿತ್ತಲ್ಲಕ್ಕಾ?"

"ಹೇಳಿದ್ರ ನೀ ಒಲ್ಲೆ ಅಂತಿದ್ದಿ."

"ಅಂತಿದ್ನೋ ಇಲ್ಲೋ. ನಾ ಬ್ಯಾಡ, ಅವ್ವನ್ನ ಕೇಳಬೇಕಿತ್ತು. ಕಾಲು ಆಕಿದು, ಜೀವಾ ಆಕಿದು."

ಆಪರೇಷನ್ ಮಾಡಿಸಿದ್ದು ತಪ್ಪೆಂದು ನನಗೆ ಅನ್ನಿಸಿಲ್ಲ. ಆದರೆ ನಗುತ್ತಾ ಒಳಗೆ ಹೋದವಳಿಗೆ ತಾನು ಯಾವುದಕ್ಕೆ ಹೋಗುತ್ತಿದ್ದೇನೆಂದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಿಂಗಪ್ಪ ಆಮೇಲೆ ನಾಲ್ಕು ವರ್ಷ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

೨೦೦೭ರಲ್ಲಿ ನನ್ನ ಅವ್ವ ಹುನಗುಂದದ ನಮ್ಮ ಮನೆಯಲ್ಲಿ ಜಾರಿ ಬಿದ್ದಳು. ಅದೇ ಕೀಲು, ಅದೇ ಆಪರೇಷನ್ ಬೇಕೆಂದರು. ಈ ಸಲ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ: ಸಿಮೆಂಟಿನ ಭಯ, ಮಾಡಿಸದಿದ್ದರೆ ಹಾಸಿಗೆ, ಹುಣ್ಣು. ಅವ್ವ ಕೇಳಿ, "ಒಲ್ಲೆವ್ವಾ, ಇಲ್ಲೇ ಇರ್ತೇನಿ," ಎಂದಳು.

ಸಾಯುವ ತನಕ ಎಂಟು ತಿಂಗಳು ಮಲಗಿದಳು. ಬೆನ್ನ ತುಂಬ ಹುಣ್ಣಾದವು. ಸುದ್ದಿ ಕೇಳಿ ನಿಂಗಪ್ಪ ಬಂದ. ಆಮೇಲೆ ಪ್ರತಿ ಸೋಮವಾರ ಇಳಕಲ್ಲಿನಿಂದ ಬಸ್ಸಿಗೆ ಬರುತ್ತಿದ್ದ. ಅವನು ಅವ್ವನನ್ನು ಎತ್ತಿ ಹಿಡಿಯುತ್ತಿದ್ದ, ನಾನು ಹುಣ್ಣು ತೊಳೆಯುತ್ತಿದ್ದೆ.