ಸಾಲಿನ ನೀರಿನಲ್ಲಿ ಬರುತ್ತಿದ್ದ ಅವ್ವನ ಹೂ

ಅವತ್ತು ಹೂ ಇನ್ನೂ ಬಂದಿರಲಿಲ್ಲ. ಆದರೂ ನಾನು "ಬಂತವ್ವಾ" ಎಂದು ಕೂಗಿಬಿಟ್ಟೆ.

ದೇವರ ಮುಂದೆ ಹೇಳಿದ ಸುಳ್ಳು... ಐವತ್ತು ದಾಟಿದರೂ ಮರೆತಿಲ್ಲ.

ಎಪ್ಪತ್ತರ ದಶಕದ ಕೊನೆ ಇರಬೇಕು. ನಾಶಿಕದಿಂದ ಮಾಲೇಗಾಂವಿಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಬೀದರ ಕಡೆಯಿಂದ ಬಂದ ಅಪ್ಪ ಮಾಲೇಗಾಂವಿನಲ್ಲಿ ಮಗ್ಗದ ಕೆಲಸಕ್ಕಿದ್ದರು. ಪಾಲಿಗೆ ಹಿಡಿದ ಹತ್ತಿ ಹೊಲವನ್ನು ಅವ್ವನೇ ನೋಡಿಕೊಳ್ಳುತ್ತಿದ್ದಳು.

ನಾಲ್ಕು ಮನೆಗೆ ಒಂದೇ ಬಾವಿ, ಒಂದೇ ಇಂಜಿನ್. ನಮ್ಮ ಪಾಳಿ ಬೆಳಗಿನಿಂದ ಮಧ್ಯಾಹ್ನದವರೆಗೆ.

ಅಷ್ಟರಲ್ಲಿ ಹೊಲವೆಲ್ಲ ನೆನೆಯಬೇಕು. ಆದರೆ ಕೊನೆಯ ಆರು ಸಾಲು ಪ್ರತಿ ಸಲ ಒಣಗಿಯೇ ಉಳಿಯುತ್ತಿದ್ದವು.

ಅವ್ವನಿಗೆ ಅದೇ ಕೊರಗು. "ಉಣ್ಣಾಕ ಕುಂಡ್ರಿಸಿ, ಕಡೀ ಪಂಗತಿಯವರನ್ನ ಹಂಗೇ ಎಬ್ಬಿಸಿದಂಗ ಆಗ್ತದ ನೋಡು" ಅನ್ನುತ್ತಿದ್ದಳು.

ಅವ್ವ ಸಾಲಿನ ತಲೆಯಲ್ಲಿ ಸಲಿಕೆ ಹಿಡಿದು ನಿಂತರೆ ನಾನು ಈ ತುದಿಯ ಬದುವಿನಲ್ಲಿ. ನಡುವೆ ಎದೆಯೆತ್ತರ ಹತ್ತಿ, ಅವ್ವ ನನಗೆ ಕಾಣುತ್ತಲೇ ಇರಲಿಲ್ಲ.

ಹಿಂದಿನ ದಿನ ಶಿವನಿಗೆ ಏರಿಸಿದ ಚೆಂಡು ಹೂಗಳನ್ನು ತುಳಿಯಬಾರದು, ಹರಿಯುವ ನೀರಿಗೇ ಬಿಡಬೇಕು. ಅವ್ವ ಸಾಲಿಗೊಂದರಂತೆ ಬಿಡುತ್ತಿದ್ದಳು.

ನನ್ನ ಪಕ್ಕದಲ್ಲಿ ಹೊಲ ಕಾಯುವ ಮ್ಹಸೋಬಾನ ಕಲ್ಲು. ಹೂ ಅಲ್ಲಿಗೆ ಬಂದ ಮೇಲೆ ನಾನು "ಬಂತವ್ವಾ" ಅನ್ನಬೇಕು. "ಓ... ತಾಯೀ" ಎಂದು ಅವ್ವ ಆ ಸಾಲಿನ ಬಾಯಿಯನ್ನು ಮಣ್ಣಿನಿಂದ ಕಟ್ಟಿ ಮುಂದಿನದನ್ನು ತೆರೆಯುತ್ತಾಳೆ.

ಅಷ್ಟು ಹೊತ್ತಿಗೆ ಕಲ್ಲಿನ ಹತ್ತಿರ ಪಾದ ಮುಳುಗುವಷ್ಟು ನೀರು ನಿಂತಿರುತ್ತಿತ್ತು. ಅಲ್ಲಿನ ಗಿಡದ ಎಲೆಗಳೆಲ್ಲ ಹಳದಿ.

ನಮ್ಮ ನಂತರದ ಪಾಳಿಯ ಸಖು ಮಾವಶಿ ನಗುತ್ತಿದ್ದಳು. "ಏನ ಬಾಯಿ, ಮ್ಹಸೋಬಾಗ ದಿನಾ ಸ್ನಾನ ಮಾಡಸ್ತೀ?"

ದೇವರ ಪಾದ ಮುಟ್ಟುವ ಮೊದಲು ನೀರು ನಿಲ್ಲಿಸುವುದಾದರೂ ಹೇಗೆ? ನಮಗೆ ಅದು ಯೋಚನೆಗೇ ಬಂದಿರಲಿಲ್ಲ.

ಅವತ್ತು ಒಂದೊಂದು ಸಾಲೂ ಮುಗಿಯುತ್ತಲೇ ಇಲ್ಲ ಅನಿಸಿತು. ನನಗೆ ಅವ್ವನ ದನಿ ಕೇಳಬೇಕಾಗಿತ್ತು, ಅಷ್ಟೇ.

ಎದ್ದು ಸಾಲಿನೊಳಗೇ ಅವಳ ಕಡೆ ನಡೆದೆ. ಸ್ವಲ್ಪ ದೂರ ಹೋದರೆ ಹೂ ಎದುರಿಗೇ ಬರುತ್ತಿದೆ. ಇನ್ನೂ ಕಾಲುಭಾಗ ದಾರಿ ಉಳಿದಿದೆ... ಕೂಗಿಬಿಟ್ಟೆ.

"ಓ... ತಾಯೀ."

ಆಮೇಲೆ ಹೆದರಿಕೆ. ಓಡಿ ಬಂದು ಮ್ಹಸೋಬಾನ ಮುಂದೆ ಗಲ್ಲ ಬಡಿದುಕೊಂಡು ಕೂತೆ.

ಕೂತು ನೋಡುತ್ತೇನೆ, ಆ ಕಡೆ ಸಾಲು ಕಟ್ಟಿದರೂ ನೀರು ನಿಧಾನಕ್ಕೆ ಬರುತ್ತಲೇ ಇದೆ. ಹೂವೂ ಬಂತು. ಕಲ್ಲಿಗೆ ಒಂದು ಮೊಳ ಇರುವಾಗ ನಿಂತಿತು. ಎತ್ತಿ ಪಾದಕ್ಕಿಟ್ಟೆ.

ಅವತ್ತು ಎಲ್ಲ ಸಾಲಿಗೂ ಹಾಗೇ ಮಾಡಿದೆ. ಸುಳ್ಳು ಹೇಳುವುದು, ಕೆನ್ನೆ ಬಡಿದುಕೊಳ್ಳುವುದು, ಅವ್ವನ ದನಿ ಕೇಳುವುದು.

ಸಖು ಮಾವಶಿ ತನ್ನ ಪಾಳಿಗೆ ಬಂದಾಗ ನಮ್ಮ ಕೊನೆಯ ಆರೂ ಸಾಲು ನೆನೆದಿದ್ದವು. "ಇವತ್ತ ಮ್ಹಸೋಬಾಗ ಸ್ನಾನ ಇಲ್ಲೇನ?" ಅಂದಳು.

ಅವ್ವನಿಗೆ ಡೌಟ್ ಬಂತು. ಈ ತುದಿಗೆ ಬಂದು ಮಣ್ಣಿನೊಳಗೆ ಬೆರಳು ಚುಚ್ಚಿದಳು. ಒಳಗೆಲ್ಲ ಹಸಿ.

"ಖರೇ ಹೇಳು, ಎಲ್ಲಿಂದ ಕೂಗಿದಿ?"

ಅಳುತ್ತಾ ಕರೆದುಕೊಂಡು ಹೋಗಿ ಜಾಗ ತೋರಿಸಿದೆ. ಅವ್ವ ಹೊಡೆಯಲಿಲ್ಲ. ಒಂದು ಕಲ್ಲು ತಂದು ಅಲ್ಲಿಟ್ಟಳು. "ಮುಂದಿನ ಪಾಳಿಯಿಂದ ಇಲ್ಲೇ ಕುಂಡ್ರು. ಉಳಿದದ್ದು ನೀರೇ ನಡಕೋತ ಹೋಗ್ತದ."

ಆಮೇಲೆ ಮ್ಹಸೋಬಾನಿಗೆ ಕೈಮುಗಿದಳು. ತಪ್ಪಾಯಿತು ಅಂದಳೋ, ಉಪಕಾರ ಅಂದಳೋ, ನನಗೆ ಕೇಳಿಸಲಿಲ್ಲ.

ಆ ಕಲ್ಲಿನ ಮೇಲೆ ನಿಂತರೆ ಅವ್ವನ ತಲೆಯ ಮೇಲಿನ ಸೆರಗು ಕಾಣುತ್ತಿತ್ತು. ನನಗೆ ಸಿಕ್ಕ ಲಾಭ ಅದು.

ಈಗ ನಾನು ವಾಳೂಜ್ ಹತ್ತಿರ ಇದ್ದೇನೆ. ಅವ್ವ ಇಲ್ಲ. ನಾಶಿಕಕ್ಕೆ ಹೋದಾಗಲೆಲ್ಲ ಪಂಚವಟಿಯಲ್ಲಿ ಗೋದಾವರಿಗೆ ಒಂದೇ ಒಂದು ಚೆಂಡು ಹೂ ಬಿಟ್ಟು, ಕಣ್ಣಿಗೆ ಕಾಣುವವರೆಗೂ ಮೆಟ್ಟಿಲ ಮೇಲೆ ನಿಲ್ಲುತ್ತೇನೆ.

ಹೂ ಎಲ್ಲಿಗೂ ಮುಟ್ಟದಿದ್ದರೂ ಪರವಾಗಿಲ್ಲ, ಅವತ್ತಿನ ಹಾಗೆ "ಬಂತವ್ವಾ" ಎಂದು ಕೂಗಿಬಿಟ್ಟರೆ ಒಂದು ಸಲ ಓಗೊಟ್ಟಾಳೇ?