ಪುಟ್ಟೇಗೌಡರ ಹಿತ್ತಾಳೆ ಚೊಂಬು

ಕೊರೊನಾ ಇಳಿದ ಮರುವರ್ಷ ನಾನು ಅರಸೀಕೆರೆಯ ಒಂದು ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿನ ಅಟೆಂಡರ್ ಆಗಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ರೋಗಿಗೆ ನೋವಾಗದಂತೆ ಹಾಸಿಗೆ ಬದಲಿಸುವುದರಲ್ಲಿ, ಬೆಡ್‌ಪ್ಯಾನ್ ಇಡುವುದರಲ್ಲಿ ನನ್ನನ್ನು ಮೀರಿಸುವವರು ಅಲ್ಲಿರಲಿಲ್ಲ. ಹೊಸದಾಗಿ ಬಂದ ಸಿಸ್ಟರ್‌ಗಳಿಗೆ ಕೈಹಿಡಿದು ತೋರಿಸಿಕೊಟ್ಟವನೂ ನಾನೇ. ಆ ಹೆಮ್ಮೆಯನ್ನು ಸ್ವಲ್ಪ ಇಳಿಸಿದವರು ಗಂಡಸಿ ಊರಿನ ಕಡೆಯ ಪುಟ್ಟೇಗೌಡರು.

ಎಪ್ಪತ್ತೆರಡರ ಗೌಡರು ತೋಟದಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದೆವು, ಏಳುವಂತಿರಲಿಲ್ಲ. ಮೂತ್ರಕ್ಕೆ ಬಾಟಲಿ ಹೇಗೋ ಒಪ್ಪಿದರು. ಮಲಕ್ಕೆ ಮಾತ್ರ ಮೂರು ದಿನ ಹೋಗಲೇ ಇಲ್ಲ. ಹೋಗಬೇಕಾಗುತ್ತದೆಂದು ಊಟ ಬಿಟ್ಟರು, ನೀರೂ ಬಿಟ್ಟರು. ಹೊಟ್ಟೆ ಉಬ್ಬಿ ಬಿಗಿಯಾಯಿತು.

ಮೂರನೇ ದಿನ ಬೆಳಿಗ್ಗೆ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಸಂಜೆಯೊಳಗೆ ಆಗದಿದ್ದರೆ ಎನಿಮಾ, ಅಂದರೆ ಹಿಂದಿನಿಂದ ನೀರು ಬಿಟ್ಟು ಹೊಟ್ಟೆ ಖಾಲಿ ಮಾಡಿಸುವುದು. ನೀರು ಕುಡಿಯದೆ ಹೀಗೇ ಒಣಗಿದರೆ ನಾಡಿದ್ದಿನ ಆಪರೇಷನ್ನೂ ಮುಂದಕ್ಕೆ. ಗೌಡರ ಮುಖ ಸಪ್ಪಗಾಯಿತು. ಮತ್ತೆ ತೋಟಕ್ಕೆ ನಡೆದು ಹೋಗುವುದೊಂದೇ ಅವರ ಆಸೆಯಾಗಿತ್ತು.

ನಾನು ಇದ್ಯಾವ ಮಹಾ ಎಂದುಕೊಂಡು, ತಣ್ಣನೆಯ ಸ್ಟೀಲ್ ಪ್ಯಾನನ್ನು ಎಲ್ಲರೆದುರೇ ಅವರ ಸೊಂಟದಡಿ ತಳ್ಳಿದೆ. ಅವರು ಕೆಂಡವಾದರು.

"ಉಣ್ಣೋ ಜಾಗ್ದಲ್ಲೇ ಹೇಲೋಕೆ ನಾನೇನು ಹಸುಗೂಸೇನ್ಲಾ?"

ಪಕ್ಕದ ಹಾಸಿಗೆಯವನು ಕಿಸಕ್ಕನೆ ನಕ್ಕ. ಗೌಡರು ಗೋಡೆಯ ಕಡೆ ಮುಖ ತಿರುಗಿಸಿದರು. ತಪ್ಪು ನನ್ನದೇ.

ಹೊರಗೆ ಅವರ ಹೆಂಡತಿ ಕಾಳಮ್ಮನವರ ಪಕ್ಕ ಕುಳಿತು, ಮನೆಯಲ್ಲಿ ಗೌಡರ ಅಭ್ಯಾಸ ಹೇಗೆ ಎಂದು ಕೇಳಿದೆ. ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಐವತ್ತು ವರ್ಷ ತೋಟದ ಕೊನೆಗೆ ಹೋಗಿದ್ದು ಒಂದೇ ಹಿತ್ತಾಳೆ ಚೊಂಬು ಹಿಡಿದು. ಈಗ ಮನೆಯಲ್ಲೇ ಕಕ್ಕಸು ಕಟ್ಟಿಸಿದ್ದಾರೆ, ಒಳಗೆ ನಲ್ಲಿಯೂ ಇದೆ, ಆದರೂ ಚೊಂಬು ಬಿಟ್ಟಿಲ್ಲ.

"ಅದು ಕೈಲಿಲ್ದಿದ್ರೆ ಇವ್ರಿಗೆ ಬರಕಿಲ್ಲ ಕಣಪ್ಪ," ಎಂದರು.

ಮಗನಿಗೆ ಫೋನ್ ಮಾಡಿಸಿದೆವು. ಮಧ್ಯಾಹ್ನದೊಳಗೆ ಅವನು ಬೈಕಿನಲ್ಲಿ ಚೊಂಬು ತಂದ. ಅದೇ ಹೊತ್ತಿಗೆ ಮಾದಿಹಳ್ಳಿಯಿಂದ ಗೌಡರ ಬೀಗರು ಎಳನೀರಿನ ಗೊನೆ ಹೊತ್ತು ನೋಡಲು ಬಂದುಬಿಡಬೇಕೆ! ಅರ್ಧ ಗಂಟೆ ಟೀ ಕುಡಿದು ಬನ್ನಿ ಎಂದೆ.

"ಯಾಕಪ್ಪ, ದೊಡ್ಡ ಡಾಕ್ಟ್ರು ಬತ್ತಾರಾ?"

"ಅವ್ರಿಗಿಂತ ದೊಡ್ಡೋರು ಬರೋದೈತೆ ಸ್ವಾಮಿ," ಎಂದು ಕಳಿಸಿದೆ.

ಈ ಸಲ ಕ್ರಮವಾಗಿ ಮಾಡಿದೆ. ಸುತ್ತ ಪರದೆ ಎಳೆದೆ. ಬಿಸಿನೀರಿನಲ್ಲಿ ಪ್ಯಾನ್ ಬೆಚ್ಚಗೆ ಮಾಡಿ, ಒರೆಸಿ, ಅಂಚಿಗೆ ಪೌಡರ್ ಹಾಕಿದೆ. ಹಾಸಿಗೆಯ ಮೇಲೆ ರಬ್ಬರ್ ಶೀಟು, ಅದರ ಮೇಲೆ ಹಳೇ ಬಟ್ಟೆ ಹಾಸಿ, ಕೆಲಸ ಮುಗಿದ ಮೇಲೆ ಎಲ್ಲ ತೆಗೆದು ಉಣ್ಣುವುದಕ್ಕೆ ಮಡಿ ಹಾಸಿಗೆ ಹಾಕುವುದಾಗಿ ಮಾತು ಕೊಟ್ಟೆ. ಗೌಡರು ಮೇಲೆ ತೂಗುಬಿಟ್ಟ ಹಿಡಿಕೆ ಹಿಡಿದು, ಒಳ್ಳೆಯ ಕಾಲು ಮಡಚಿ ಊರಿದರು. ಮುರಿದ ಕಾಲು ಅಲುಗದಂತೆ ಸಿಸ್ಟರ್ ಹಿಡಿದರು, ನಾನು ಸೊಂಟದಡಿ ಕೈಕೊಟ್ಟು ಎತ್ತಿ ಪ್ಯಾನ್ ಸರಿಸಿದೆ. ಡಾಕ್ಟರು ಹೇಳಿದಷ್ಟೇ ತಲೆಯ ಕಡೆ ಏರಿಸಿದೆ. ಕೊನೆಗೆ ಚೊಂಬಿಗೆ ನೀರು ತುಂಬಿ ಕೈಗಿಟ್ಟು, ಇಬ್ಬರೂ ಹೊರಗೆ ಬಂದು ನಿಂತೆವು.

ವಾರ್ಡಿಗೆ ವಾರ್ಡೇ ಉಸಿರು ಹಿಡಿದಿತ್ತು. ಪಕ್ಕದ ಹಾಸಿಗೆಯವನು ಮೊಬೈಲಿನ ಹಾಡು ನಿಲ್ಲಿಸಿದ. ಐದು ನಿಮಿಷವಾಯಿತು, ಹತ್ತಾಯಿತು. ಆಮೇಲೆ ಚೊಂಬು ಮಂಚದ ಕಂಬಿಗೆ ತಗುಲಿ ಟಣ್ ಎಂದಿತು.

"ಲೇ ನಂಜುಂಡ, ಬಾರ್ಲಾ. ಆಯ್ತು."

ಮೂರು ದಿನದ್ದೆಲ್ಲ ಆಗಿತ್ತು. ತೊಳೆದು ಒರೆಸಿದೆ, ಮಲಗಿ ಮಲಗಿ ಬೆನ್ನಡಿ ಕೆಂಪಾಗಿದೆಯೇ ಎಂದು ನೋಡಿದೆ, ಮಾತು ಕೊಟ್ಟಂತೆ ಮಡಿ ಹಾಸಿಗೆ ಹಾಕಿದೆ. ಬೀಗರು ಬಂದಾಗ ಗೌಡರು ತಾವಾಗೇ ಎಳನೀರು ಕೇಳಿ ಎರಡು ಕುಡಿದರು. ಸಂಜೆ ಡಾಕ್ಟರು ಬಂದಾಗ, ಎನಿಮಾದವರು ಬೇರೆ ಯಾರನ್ನಾದರೂ ನೋಡಿಕೊಳ್ಳಲಿ ಎಂದು ಗೌಡರೇ ಹೇಳಿದರು.

ಆಪರೇಷನ್ ಹೇಳಿದ ದಿನವೇ ಆಯಿತು. ಅಂದಿನಿಂದ, ಯಾರಿಗೇ ಆಗಲಿ, ಪ್ಯಾನ್ ಇಡುವ ಮೊದಲು ಮನೆಯಲ್ಲಿ ಹೇಗೆ ಹೋಗುತ್ತೀರಿ ಎಂದು ಕೇಳುತ್ತೇನೆ. ಕೈಚಳಕಕ್ಕಿಂತ ಆ ಪ್ರಶ್ನೆ ಮುಂದೆ ಬರಬೇಕೆಂದು ಹೊಸ ಸಿಸ್ಟರ್‌ಗಳಿಗೂ ಹೇಳಿಕೊಟ್ಟೆ.

ಡಿಸ್ಚಾರ್ಜ್ ದಿನ ಗೌಡರು ವಾಕರ್ ಹಿಡಿದು ನಡೆದೇ ಹೊರಟರು. ಎರಡೂ ಕೈಗೆ ಕೆಲಸವಿತ್ತಲ್ಲ, ಚೊಂಬನ್ನು ವಾಕರ್‌ಗೇ ಕಟ್ಟಿಸಿಕೊಂಡಿದ್ದರು. ಗೇಟು ದಾಟುವವರೆಗೂ ಅದು ಟಣ್ ಟಣ್ ಎನ್ನುತ್ತಲೇ ಇತ್ತು.