ಅತ್ತೆಯ ಕೊರಳಿನ ಪೆಟ್ಟಿಗೆ

ಕಾಲಿನಿಂದ ಚಪ್ಪಲಿ ಜಾರಿಹೋದರೂ ನಮ್ಮತ್ತೆಗೆ ತಿಳಿಯುತ್ತಿರಲಿಲ್ಲ. ಒಂದು ಚಪ್ಪಲಿ ಬೀದಿಯಲ್ಲಿ, ಇನ್ನೊಂದು ಕಾಲಲ್ಲಿ, ಹಾಗೇ ಮನೆಗೆ ಬರುತ್ತಿದ್ದರು. ಮದುವೆಯಾದಾಗಿನಿಂದ ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆಗೆ ಅಂಟು ಬಳಿದವರು, ಊರಿಗೆಲ್ಲ ಚಪ್ಪಲಿ ತೊಡಿಸಿದವರು! "ವಯಸ್ಸಾಯ್ತಲ್ಲೇ, ಕಾಲು ಜೋಮು ಹಿಡಿಯುತ್ತೆ" ಅನ್ನುತ್ತಿದ್ದರು. ವಯಸ್ಸೇನು ಮಹಾ, ಐವತ್ತೂ ದಾಟಿರಲಿಲ್ಲ.

ಬೆರಳುಗಳೂ ಸೋಲತೊಡಗಿದಾಗ ಮಾಲೀಕ ಅವರ ಜಾಗಕ್ಕೆ ನನ್ನನ್ನು ಕರೆದ. ನಾನಾಗ ಬಸುರಿ. ಆದರೂ ನಮ್ಮವರೊಬ್ಬರ ದುಡಿಮೆಯಲ್ಲಿ ಮನೆ ನಡೆಯುವಂತಿರಲಿಲ್ಲ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇನ್ಮೇಲೆ ಆ ಅಂಟಿನ ಮೇಜು ನಿಂದು ಬಿಡು" ಎಂದು ಪಕ್ಕದ ಮನೆಯಾಕೆ ಕಿಚಾಯಿಸಿದಳು.

ಅದೇ ಸಮಯಕ್ಕೆ ಆರೋಗ್ಯ ಸಮೀಕ್ಷೆಯ ಹುಡುಗಿ ಬಂದಳು. ಯಾರು ಎಲ್ಲೆಲ್ಲಿ ದುಡಿದರು, ಇಷ್ಟು ವರ್ಷ ಎಂಥ ಗಾಳಿ ಕುಡಿದರು, ಅದರಿಂದ ಯಾವ ಕಾಯಿಲೆ ಬರಬಹುದು ಎಂದು ಬೀದಿಬೀದಿಯ ನಕ್ಷೆ ಮಾಡುತ್ತಿದ್ದಳು. ಅತ್ತೆಗೆ ಇಸವಿ ನೆನಪಿಲ್ಲ. "ಚೂಪು ಮೂತಿ ಚಪ್ಪಲಿ ಬಂತಲ್ಲ, ಆಗ ಹಳೇ ಶೆಡ್ಡು. ಎತ್ತರದ ಹಿಮ್ಮಡಿ ಬಂದಾಗಿಂದ ಈ ಕಿಟಕಿ ಇಲ್ಲದ ಕೋಣೆ" ಎಂದರು. ಹುಡುಗಿ ನಗುತ್ತಲೇ ಬರೆದುಕೊಂಡು, ಗಾಳಿ ಅಳೆಯುವ ಪುಟ್ಟ ಪೆಟ್ಟಿಗೆಯೊಂದನ್ನು ಅವರ ಕೊರಳಿಗೆ ಹಾಕಿದಳು. "ಒಂದು ವಾರ ಹಾಕ್ಕೊಂಡೇ ಇರಿ ಅಮ್ಮ." ಅದು ಏನು ಹೇಳುತ್ತದೋ ನೋಡಿಯೇ ಕೆಲಸಕ್ಕೆ ಸೇರುವುದೆಂದು ನಾನೂ ಕಾದೆ; ಅಲ್ಲಿಯವರೆಗೆ ಅತ್ತೆಯೇ ಹೋಗುತ್ತಿದ್ದರು.

ವಾರದ ಮೇಲೆ ಬಂದವಳು ಫೋನಿನಲ್ಲಿ ನಕ್ಷೆ ತೋರಿಸಿದಳು. ಅತ್ತೆಯ ಚುಕ್ಕೆ ಅಚ್ಚ ಹಸಿರು. "ಇಡೀ ಬೀದೀಲಿ ಒಳ್ಳೇ ಗಾಳಿ ನಿಮ್ಮದೇ" ಎಂದಳು. ನನಗೋ ಹಿಡಿಸಲಾರದ ಸಂತೋಷ. "ಹಾಗಾದ್ರೆ ಸೋಮವಾರದಿಂದ್ಲೇ ಹೋಗ್ತೀನಿ ಅತ್ತೆ!"

ಅತ್ತೆಯ ಮುಖ ಕಪ್ಪಿಟ್ಟಿತು. "ಬೇಡ ಕಣೆ. ಕೆಲಸಕ್ಕೆ ಹೋಗಿದ್ದು ನಾನೊಬ್ಬಳೇ. ಪೆಟ್ಟಿಗೆ ಮನೇಲಿತ್ತು."

ಅಂಟಿನ ಮೇಜಿಗೆ ಕೂರುವವರೆಲ್ಲರ ರೂಢಿ ಅದು: ಬಳೆ, ಉಂಗುರ, ಗಡಿಯಾರ ಎಲ್ಲ ಮನೆಯಲ್ಲೇ ಬಿಟ್ಟು ಹೋಗಬೇಕು. "ಬೇರೆಯವರ ವಸ್ತು, ಅಂಟು ಮೆತ್ತಿದ್ರೆ ಬಿಡಿಸಕ್ಕಾಗುತ್ತಾ? ಬಟ್ಟೇಲಿ ಸುತ್ತಿ ಬೀರುವಲ್ಲಿಟ್ಟು ಹೋಗ್ತಿದ್ದೆ. ಬಂದ್ಮೇಲೆ ಕೈ ತೊಳೆದು ಹಾಕ್ಕೋತಿದ್ದೆ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಪೆಟ್ಟಿಗೇನ ಇಷ್ಟು ಜೋಪಾನ ಮಾಡಿದ್ರಲ್ಲ, ನಿಮ್ಮನ್ನ ಯಾವತ್ತಾದ್ರೂ ಮಾಡ್ಕೊಂಡ್ರಾ?" ಎಂದು ಕೂಗಿಬಿಟ್ಟೆ. ಹುಡುಗಿ ಪೆಟ್ಟಿಗೆಯನ್ನು ಮತ್ತೆ ಅತ್ತೆಯ ಕೊರಳಿಗೆ ಹಾಕಿ, "ಇನ್ನೊಂದು ವಾರ, ಕೆಲಸಕ್ಕೂ ಹಾಕ್ಕೊಂಡೇ ಹೋಗಿ ಅಮ್ಮ" ಎಂದಳು.

ಮರುವಾರ ಅತ್ತೆ ಪೆಟ್ಟಿಗೆಯನ್ನು ಕೊರಳಲ್ಲಿ ಹಾಕಿಕೊಂಡೇ ಮೇಜಿಗೆ ಹೋದರು. ಅಂಟೂ ಮೆತ್ತಿತು. ಈ ಸಲ ಅವರ ಚುಕ್ಕೆ ಕಡುಗೆಂಪು, ಬೀದಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅಂಟಿನ ಆವಿ ನರಗಳನ್ನು ತಿನ್ನುತ್ತದೆ, ಜೋಮು ಅದರದ್ದೇ ಇರಬೇಕು, ಡಾಕ್ಟರಿಗೆ ತೋರಿಸಲೇಬೇಕು ಎಂದಳು ಹುಡುಗಿ.

"ಇವಳು ಕೂರಬಾರದು, ಅಷ್ಟೇ ತಾನೇ?"

"ನೀವೂ ಕೂರಬಾರದು ಅಮ್ಮ."

"ನನ್ನದೇನು ಬಿಡು, ಮುಗೀತು. ಇವಳ ಹೊಟ್ಟೇಲಿರೋದು ಉಳೀತಲ್ಲ."

ಹುಡುಗಿ ಹೋದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ದುಡಿಯುವ ಕೈಗೆ ಬೇರೆ ಕೆಲಸವೇ ಇಲ್ಲವೇ, ಹುಡುಕಿದರಾಯಿತು. ನೆಲದ ಮೇಲೆ ಕೂತು ಅವರ ಪಾದ ಎತ್ತಿ ಮಡಿಲಲ್ಲಿಟ್ಟುಕೊಂಡು ಒತ್ತಿದೆ.

"ಗೊತ್ತಾಗುತ್ತಾ ಅತ್ತೆ?"

ಅವರು ನನ್ನ ಕೈಯನ್ನೇ ನೋಡುತ್ತಿದ್ದರು. "ಇಲ್ಲ ಕಣೆ. ಆದ್ರೂ ಕೈ ತೆಗೀಬೇಡ."